ಲಿನಕ್ಸಿನ ಬಳ್ಳಿಯ ಸೌತೆಕಾಯಿ

ಲಿನಕ್ಸಿನಲ್ಲಿ ಆಟ ಆಡುವುದು ಆಗದ ಮಾತು ಎಂದು ನನಗೆ ಮೊದಲು ಹೇಳಿದವರು ಶಿರಸಿಯ ಶ್ರೀಪಾದ ಹೆಗಡೆಯವರು. ಹೇಳುವಾಗ ಅವರು ಮೌಸಿನ ಹೊಟ್ಟೆಯೊಳಗಿನ ಗೋಲಿಯನ್ನು ಹೊರಗೆ ತೆಗೆದು, ಅದಕ್ಕೆ ಸುತ್ತಿಕೊಂಡ ಕೊಳೆಯನ್ನು ಉಗುರಿನಿಂದ ಕೆರೆಯುತ್ತಿದ್ದರು. ಕೆರೆದದ್ದನ್ನು ಊದಿ, ಗೋಲಿಯನ್ನು ಬೆಳಕಿಗೆ ಹಿಡಿದು ನೋಡಿ, ಅದೇ ಉಸಿರಿನಲ್ಲಿ ಎರಡನೆಯ ಮಾತನ್ನೂ ಹೇಳಿ ಮುಗಿಸಿದರು: “ನಿಮ್ಮ ಮನ್ಮನೆ ಬದಿಯಿಂದ ದಿನಾ ಬಂದು ಹೋಗಿ ಕಂಪ್ಯೂಟರ್ ಡಿಗ್ರಿ ಮುಗಿಸಿದ ಹೆಣ್ಣುಮಕ್ಕಳನ್ನೂ ನಾ ನೋಡಿಲ್ಲ ತಂಗಿ. ಬೇಜಾರು ಮಾಡ್ಕಬೇಡ.”

ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಅವರ ಮಾತಿನಲ್ಲಿ ಕುಹಕ ಇರಲಿಲ್ಲ. ನಾಳೆ ಮೋಡ ಇರುತ್ತದೆ ಎಂದು ರೇಡಿಯೋದವರು ಹೇಳುವಷ್ಟೇ ನಿರ್ವಿಕಾರವಾಗಿ ಹೇಳಿದ್ದರು. ಮೋಡ ಇರುತ್ತದೆ ಎಂದವರ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೆ? ಕೊಡೆ ಹಿಡಿದು ಹೊರಟರಾಯಿತು.

ಹೆಗಡೆಯವರದು ಕಂಪ್ಯೂಟರ್ ರಿಪೇರಿ ಅಂಗಡಿ. ಮುಂದಿನ ಕೋಣೆಯಲ್ಲಿ ಟೈಪಿಂಗ್, ಹಿಂದಿನ ಕೋಣೆಯಲ್ಲಿ ರಿಪೇರಿ. ಕಾಲೇಜು ಮುಗಿದು ಸಂಜೆಯ ಬಸ್ಸು ಬರುವವರೆಗೆ ನಾನು ಮುಂದಿನ ಕೋಣೆಯಲ್ಲಿ ಕೂತು ಲಗ್ನಪತ್ರಿಕೆ, ಯಕ್ಷಗಾನದ ಕರಪತ್ರ, ಸೊಸೈಟಿಯ ಸಭೆಯ ಸೂಚನೆ ಮುಂತಾದ ಲೋಕೋಪಯೋಗಿ ಸಾಹಿತ್ಯವನ್ನು ಟೈಪ್ ಮಾಡುತ್ತಿದ್ದೆ. ಬದಲಿಗೆ ಹಿಂದಿನ ಕೋಣೆಯ ಮೂಲೆಯಲ್ಲಿದ್ದ ಒಂದು ಹಳೆಯ ಯಂತ್ರವನ್ನು ನನ್ನ ಪಾಲಿಗೆ ಬಿಟ್ಟುಕೊಟ್ಟಿದ್ದರು. ಯಾರೋ ರಿಪೇರಿಗೆಂದು ತಂದಿಟ್ಟು ಮರೆತು ಹೋದ ಯಂತ್ರ ಅದು. ಯಂತ್ರ ನಡೆಸಲು ಊರೆಲ್ಲ ಬಳಸುತ್ತಿದ್ದ ಆ ಇನ್ನೊಂದು ವ್ಯವಸ್ಥೆಯನ್ನು ಹೊರುವಷ್ಟು ತ್ರಾಣ ಅದಕ್ಕಿರಲಿಲ್ಲ. ಹಾಗಾಗಿ, ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸೀಡಿಯಿಂದ ಅದಕ್ಕೆ ಲಿನಕ್ಸ್ ಹಾಕಿದೆ. ಇಸವಿ ಎರಡು ಸಾವಿರ ದಾಟಿ ಸ್ವಲ್ಪವೇ ಆಗಿತ್ತು. ಶಿರಸಿಯಲ್ಲಿ ಆಗ ಲಿನಕ್ಸ್ ಎಂದರೆ ಹೊಸ ಕೀಟನಾಶಕವೋ ಎಂದು ಕೇಳುವವರೇ ಹೆಚ್ಚು.

ಆ ಸೀಡಿಯಲ್ಲಿ ಆಟಗಳಿದ್ದವು. ಒಂದರಲ್ಲಿ ಪೆಂಗ್ವಿನ್ ಹಕ್ಕಿ ಹಿಮದ ಗುಡ್ಡದ ಮೇಲಿಂದ ಜಾರುತ್ತಾ ಬಂದು ಮೀನು ಹಿಡಿಯಬೇಕು. ಆಟ ಶುರು ಮಾಡಿದರೆ ಇನ್ನೇನೋ ಒಂದು ತಂತ್ರಾಂಶ ಬೇಕು ಎನ್ನುತ್ತಿತ್ತು. ಅದನ್ನು ಹುಡುಕಿ ಹಾಕಿದರೆ ಅದಕ್ಕೆ ಮತ್ತೊಂದು ಬೇಕು. ಮದುವೆಗೆ ಬನ್ನಿ ಎಂದು ಒಬ್ಬರನ್ನು ಕರೆದರೆ ‘ನಮ್ಮ ಬೀಗರಿಗೆ ಹೇಳದೆ ನಾವು ಹೇಗೆ ಬರುವುದು’ ಎನ್ನುತ್ತಾರಲ್ಲ, ಹಾಗೆ. ಕೊನೆಗೆ ಬೀಗರ ಬೀಗರೂ ಬಂದು ಕೂತ ಮೇಲೆ ಪರದೆಯ ಮೇಲೆ ಪೆಂಗ್ವಿನ್ ಮೂಡಿತು. ಸದ್ದಿಲ್ಲ. ಚಲನೆಯೂ ಇಲ್ಲ ಅನ್ನಬಹುದು. ಅದು ಒಂದು ಸಲ ಜಾರಿ ಇನ್ನೊಂದು ಸಲ ಜಾರುವಷ್ಟರಲ್ಲಿ ನಾನು ಮುಂದಿನ ಕೋಣೆಗೆ ಹೋಗಿ ‘ತಮ್ಮ ಸುಖಾಗಮನವನ್ನು ಬಯಸುವ’ ಎಂಬಲ್ಲಿಯವರೆಗೆ ಟೈಪ್ ಮಾಡಿ ಬರುತ್ತಿದ್ದೆ. ಹೆಗಡೆಯವರು ಬೆನ್ನ ಹಿಂದೆ ಬಂದು ನಿಂತು ನೋಡಿದರು.

“ಇದು ಆಟ ಅಲ್ಲ ತಂಗಿ, ತಪಸ್ಸು” ಎಂದರು.

ಹೆಗಡೆಯವರ ಅಂಗಡಿ ನಡೆಯುತ್ತಿದ್ದುದೇ ವೈರಸ್ಸಿನಿಂದ. ಫ್ಲಾಪಿಯಿಂದ ಫ್ಲಾಪಿಗೆ, ಕಚೇರಿಯಿಂದ ಕಚೇರಿಗೆ ಅದು ಊರಾಡುತ್ತಿತ್ತು. ಯಲ್ಲಾಪುರದಿಂದಲೂ ಜನ ಯಂತ್ರವನ್ನು ಹಳೆ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಮಗು ತಂದ ಹಾಗೆ ತರುತ್ತಿದ್ದರು. ಇಂಥವರ ಎದುರು ನಾನು ‘ಲಿನಕ್ಸಿಗೆ ಇಷ್ಟು ಸುಲಭಕ್ಕೆ ವೈರಸ್ ತಗಲುವುದಿಲ್ಲ’ ಎಂದರೆ ಹೆಗಡೆಯವರಿಗೆ ಹೇಗಾಗಿರಬೇಡ! ಅವರ ವಾದವೂ ಸುಮ್ಮನೆ ತಳ್ಳಿಹಾಕುವಂಥದ್ದಾಗಿರಲಿಲ್ಲ. “ಅದರ ಒಳಗಿನ ಕೋಡು ಯಾರು ಬೇಕಾದ್ರೂ ಓದಬಹುದು ಅಂತೀಯಲ್ಲ, ಹಾಗಾದ್ರೆ ಕಳ್ಳನೂ ಓದ್ತಾನೆ. ಮನೆ ನಕ್ಷೆ ಬಾಗಿಲಿಗೆ ಅಂಟಿಸಿ ಮಲಗಿದ ಹಾಗೆ ಆತು.” ನಮ್ಮಂಥವರ ಜೊತೆ ಅವರು ಪೇಟೆಯ ಕನ್ನಡ ಆಡುತ್ತಿದ್ದರು. ವಾದ ಬಿಸಿಯಾದರೆ ಮಾತ್ರ ಅವರ ಮನೆಮಾತು ಜಾರಿ ಬರುತ್ತಿತ್ತು. “ಆಗ್ತಿಲ್ಲೆ ಕೂಸೆ, ಎಂತ ಹೇಳಿದ್ರೂ ಆಗ್ತಿಲ್ಲೆ.”

ಈ ಪ್ರಶ್ನೆಯನ್ನು ನಾನು ಇವತ್ತಿಗೂ ಯಲ್ಲಾಪುರದ ನನ್ನ ತರಗತಿಯಲ್ಲಿ ಮಕ್ಕಳ ಮುಂದಿಡುತ್ತೇನೆ. ಕಂಡದ್ದು ಭದ್ರವೋ, ಬಚ್ಚಿಟ್ಟದ್ದು ಭದ್ರವೋ? ಮಕ್ಕಳು ಬಚ್ಚಿಟ್ಟದ್ದು ಎನ್ನುತ್ತಾರೆ. ನಾನು ಬೆಳೆದ ಮನೆಯಲ್ಲಿ ಬಚ್ಚಿಡುವುದಕ್ಕೆ ವಿಶೇಷ ಏನೂ ಇರಲಿಲ್ಲವಾದ್ದರಿಂದ ಈ ವಿಷಯದಲ್ಲಿ ನನಗೆ ಅನುಭವ ಕಡಿಮೆ. ಹಗಲು ಹೊತ್ತಿನಲ್ಲಿ ಬಾಗಿಲು ಹಾಕಿದ್ದರೆ ಆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದೇ ನಮ್ಮೂರಲ್ಲಿ ಅರ್ಥ. ಗದ್ದೆ ನಾಟಿಗೆ ಇವತ್ತು ನಾವು ಅವರಲ್ಲಿಗೆ, ನಾಳೆ ಅವರು ನಮ್ಮಲ್ಲಿಗೆ ಮುಯ್ಯಾಳು ಹೋಗುವ ಪದ್ಧತಿ. ಯಾರ ಗದ್ದೆಯ ಬದು ಎಲ್ಲಿ ಬಿರುಕು ಬಿಟ್ಟಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ಗೊತ್ತಿದ್ದವರೇ ಅದನ್ನು ಮೆತ್ತಿ ಬರುತ್ತಿದ್ದರು. ಲಿನಕ್ಸ್ ಬರೆದವರ ಬಗ್ಗೆ ಓದಿದಾಗ ಯಾವ ಯಾವುದೋ ದೇಶದ ಗುರುತಿಲ್ಲದ ಜನ ಒಬ್ಬರ ಗದ್ದೆಯಲ್ಲಿ ಒಬ್ಬರು ಮುಯ್ಯಾಳು ಮಾಡುತ್ತಿದ್ದಾರೆ ಅನ್ನಿಸಿತು. ಅದರ ಮೇಲೆ ಪ್ರೀತಿ ಹುಟ್ಟಿದ್ದು ಹಾಗೆ. ತರ್ಕದಿಂದಲ್ಲ, ನೆಂಟಸ್ತನದಿಂದ.

ಕೊನೆಯ ವರ್ಷದಲ್ಲಿ ಪ್ರಾಜೆಕ್ಟ್ ಮಾಡಬೇಕಿತ್ತು. ತರಗತಿಯ ಅರ್ಧ ಜನ ಗ್ರಂಥಾಲಯ ನಿರ್ವಹಣೆ ಎಂಬುದನ್ನೂ, ಉಳಿದರ್ಧ ಜನ ಸಂಬಳದ ಲೆಕ್ಕ ಎಂಬುದನ್ನೂ ಆರಿಸಿಕೊಂಡಿದ್ದರು. ಹಿಂದಿನ ವರ್ಷದವರೂ ಅದನ್ನೇ ಮಾಡಿದ್ದರು, ಹೆಸರು ತಿದ್ದಿದರೆ ಸಾಕಿತ್ತು. ನಾನು ಹುಲಿ-ಕುರಿ ಆಟ ಬರೆಯುತ್ತೇನೆ ಎಂದೆ. ಇದ್ದಿಲಿನಲ್ಲಿ ನೆಲದ ಮೇಲೆ ಮನೆ ಬರೆದು, ಹುಲಿಗೆ ದೊಡ್ಡ ಕಲ್ಲು, ಕುರಿಗೆ ಸಣ್ಣ ಕಲ್ಲು ಇಟ್ಟು ಆಡುವ ಆಟ. ಹುಲಿ ಕುರಿಯ ಮೇಲೆ ಹಾರಿ ತಿನ್ನುತ್ತದೆ. ಕುರಿಗಳೆಲ್ಲ ಒಟ್ಟಾಗಿ ಹುಲಿಯನ್ನು ಅಲುಗಾಡದ ಹಾಗೆ ಕಟ್ಟಿಹಾಕಿದರೆ ಕುರಿಗಳಿಗೆ ಗೆಲುವು. ಇದನ್ನು ಎರಡು ಕಂಪ್ಯೂಟರಿನಲ್ಲಿ ಕೂತ ಇಬ್ಬರು ತಂತಿಯ ಮೂಲಕ ಆಡಬೇಕು, ಅದೂ ಲಿನಕ್ಸಿನಲ್ಲಿ. ಈ ಆಟ ನನಗೆ ಕಲಿಸಿದವಳು ಗೌರತ್ತೆ, ಅಪ್ಪನ ಅಕ್ಕ, ನಮ್ಮ ಮನೆಯಲ್ಲೇ ಇದ್ದವಳು. ಅವಳು ಯಾವಾಗಲೂ ಹುಲಿಯನ್ನೇ ಹಿಡಿಯುತ್ತಿದ್ದಳು. ಸೋಲುವ ಹೊತ್ತಿಗೆ ಸೆರಗು ಕೊಡವುವ ನೆಪದಲ್ಲಿ ಒಂದೆರಡು ಕುರಿಗಳನ್ನು ಅಂಗಳಕ್ಕೆ ಹಾರಿಸಿಬಿಡುತ್ತಿದ್ದಳು. ಕಂಪ್ಯೂಟರಿನಲ್ಲಿ ಸೆರಗು ಕೊಡವಲು ಆಗುವುದಿಲ್ಲ ಎಂದು ಕೇಳಿದ ಮೇಲೆ ನನ್ನ ಪ್ರಾಜೆಕ್ಟಿನ ಮೇಲೆ ಅವಳಿಗೆ ಅಷ್ಟು ಆಸಕ್ತಿ ಉಳಿಯಲಿಲ್ಲ.

ಆದರೆ ನನ್ನನ್ನು ಕಾಲೇಜಿಗೆ ಕಳಿಸಿದವಳೇ ಅವಳು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು ಇಲ್ಲ. ಅಪ್ಪ ಹೂಂ ಎನ್ನದೆ ಊಹೂಂ ಎನ್ನದೆ ಕೂತಿದ್ದಾಗ, “ನೀ ಗದ್ದೆ ನೋಡ್ಕ, ಅದು ಓದ್ಕತ್ತದೆ” ಎಂದು ಮಾತು ಮುಗಿಸಿದ್ದಳು. ಕರಾರು ಒಂದೇ ಇತ್ತು. ಒಂದೇ ಏಟಿಗೆ ಪಾಸಾಗಬೇಕು. ಒಂದು ವರ್ಷ ತಪ್ಪಿದರೆ ಮತ್ತೊಂದು ವರ್ಷ ಎಂಬ ಮಾತು ನಮ್ಮ ಮನೆಯಲ್ಲಿ ಇರಲಿಲ್ಲ. ಪ್ರಾಜೆಕ್ಟ್ ಬಿದ್ದರೆ ಡಿಗ್ರಿ ಬಿತ್ತು, ಡಿಗ್ರಿ ಬಿದ್ದರೆ ನಾನು ಗದ್ದೆಗೆ. ಗದ್ದೆಯ ಬಗ್ಗೆ ನನಗೆ ಅಗೌರವವಿಲ್ಲ. ಆದರೆ ಲಿನಕ್ಸಿನ ಆಟ ಓಡಿಸಿದ ಮೇಲೆ ಎತ್ತು ಓಡಿಸುವುದು ಸ್ವಲ್ಪ ಕಷ್ಟ.

ನಮ್ಮ ವಿಭಾಗದ ಮುಖ್ಯಸ್ಥರು ಕಾಮತ್ ಸರ್. ನನ್ನ ಅರ್ಜಿಯನ್ನು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು.

“ಆಟ ಆಗಲಿ, ಹುಲಿ ಆಗಲಿ, ಬೇಡ ಅನ್ನೋದಿಲ್ಲ ಕಣಮ್ಮ. ಆದರೆ ಈ ಲ್ಯಾಬಿನ ಸರ್ವರಿನಲ್ಲಿ ಎಲ್ಲರ ಅಂಕಗಳಿವೆ. ನೀನು ಆಟಕ್ಕೆ ಅಂತ ಅದರಲ್ಲಿ ಒಂದು ಕಿಂಡಿ ಕೊರೀತೀಯ. ಕೊರೆದದ್ದು ಎಲ್ಲಿ ಅಂತ ಸೋರ್ಸ್ ಕೋಡಿನಲ್ಲಿ ಎಲ್ಲರಿಗೂ ತೋರಿಸ್ತೀಯ. ನಾಳೆ ಫೇಲಾದವರೆಲ್ಲ ಫಸ್ಟ್ ಕ್ಲಾಸ್ ಬಂದರೆ ನಾನು ಎಲ್ಲಿಗೆ ಹೋಗಲಿ?”

ನನ್ನ ಬಾಯಿಂದ ಬಂದ ಮಾತು, “ಸರ್, ಒಂದು ದಿನ ಬೂರೆ ಹಾಯಲಿಕ್ಕೆ ಬಿಟ್ಟು ನೋಡುವ.”

ಘಟ್ಟದ ಮೇಲಿನವರಿಗೆ ಬೂರೆಯನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಎರಡು ಮಾತು. ದೀಪಾವಳಿಯ ಹೊತ್ತಿಗೆ ನಮ್ಮ ಕಡೆ ಹುಡುಗರು ಗುಂಪು ಕಟ್ಟಿಕೊಂಡು ಊರವರ ಹಿತ್ತಲಿಗೆ ನುಗ್ಗಿ ಸೌತೆಕಾಯಿ, ಬಾಳೆಗೊನೆ, ಎಳನೀರು ಕದಿಯುತ್ತಾರೆ. ಅದೇ ಬೂರೆ ಹಾಯುವುದು. ಕದ್ದವರನ್ನು ಬೈಯುವಂತಿಲ್ಲ. ಮನೆಯವರು ಕಾಯಬಹುದು, ಬೇಲಿ ಬಿಗಿ ಮಾಡಬಹುದು, ನಾಯಿ ಬಿಡಬಹುದು, ಆದರೆ ಕಳೆದುಕೊಂಡ ಮೇಲೆ ನಗಬೇಕು. ವರ್ಷದಲ್ಲಿ ಒಮ್ಮೆ ಊರಿನ ಬೇಲಿಗಳೆಲ್ಲ ಪರೀಕ್ಷೆಗೆ ಕೂರುತ್ತವೆ, ಅಷ್ಟೆ. ಯಾರ ಹಿತ್ತಲಿನ ಮೂಲೆ ಸಡಿಲ ಎಂದು ಹಬ್ಬದಲ್ಲಿ ಗೊತ್ತಾದರೆ ವರ್ಷವಿಡೀ ನಿಜವಾದ ಕಳ್ಳನಿಂದ, ದನದಿಂದ, ಹಂದಿಯಿಂದ ಬಚಾವು. ದೊಡ್ಡ ದೊಡ್ಡ ಕಂಪನಿಗಳು ಈಗ ತಮ್ಮ ಬೀಗ ಒಡೆದು ತೋರಿಸಿ ಎಂದು ಜನರನ್ನು ಕರೆದು ಬಹುಮಾನ ಕೊಡುತ್ತವಂತೆ. ಓದಿದಾಗಲೆಲ್ಲ ನನಗೆ ನಗು. ನಾವು ಬಹುಮಾನವನ್ನೂ ಕೊಡುತ್ತಿರಲಿಲ್ಲ, ಸೌತೆಕಾಯಿಯನ್ನೇ ಬಹುಮಾನ ಎಂದು ತಿಳಿದುಕೊಳ್ಳಲು ಬಿಡುತ್ತಿದ್ದೆವು.

ಕಾಮತ್ ಸರ್ ಕುಮಟೆಯ ಕಡೆಯವರಾದರೂ ಶಿರಸಿಗೆ ಬಂದು ವರ್ಷಗಳಾಗಿದ್ದವು. ಅವರ ಹಿತ್ತಲಿನ ಸೌತೆಯೂ ಹೋಗಿತ್ತು. ಒಪ್ಪಿದರು. ಕರಾರು ಹೀಗೆ: ನನ್ನ ಕೋಡನ್ನೆಲ್ಲ ಮುದ್ರಿಸಿ ನೋಟಿಸ್ ಬೋರ್ಡಿಗೆ ಅಂಟಿಸಬೇಕು. ಲ್ಯಾಬಿನ ಒಂದು ಯಂತ್ರದಲ್ಲಿ ಆಟ ನಡೆಯುತ್ತಿರಬೇಕು. ಅದರ ಬೀಗ ಹಾಕಿದ ಕಡತಕೋಶದಲ್ಲಿ ನಾನು ‘ಸೌತೆಕಾಯಿ’ ಎಂಬ ಕಡತ ಇಡಬೇಕು. ಗೊತ್ತು ಮಾಡಿದ ದಿನ ಬೆಳಗಿನಿಂದ ಸಂಜೆಯವರೆಗೆ ಯಾರು ಬೇಕಾದರೂ ಬಂದು ಕದಿಯಲು ಪ್ರಯತ್ನ ಮಾಡಬಹುದು. ಸೌತೆಕಾಯಿ ಉಳಿದರೆ ಹುಲಿ ಉಳಿಯಿತು. ಹೋದರೆ, ನಾನು ಮರುಮಾತಿಲ್ಲದೆ ಗ್ರಂಥಾಲಯ ನಿರ್ವಹಣೆಗೆ ಕೂರಬೇಕು. ಪರೀಕ್ಷೆಗೆ ಉಳಿದ ಸಮಯದಲ್ಲಿ ಹೊಸದಾಗಿ ಶುರು ಮಾಡಿ ಮುಗಿಸುವುದು ನನ್ನಿಂದ ಆಗದು ಎಂದು ಇಬ್ಬರಿಗೂ ಗೊತ್ತಿತ್ತು.

ಕೋಡನ್ನು ಅಂಟಿಸಿದೆ. ಅದು ನೋಟಿಸ್ ಬೋರ್ಡಿನಲ್ಲಿ ಹಿಡಿಸದೆ ಪಕ್ಕದ ಗೋಡೆಗೂ ಹರಡಿತು. ಎಲ್ಲರಿಗೂ ಕಾಣುವಂತಿಟ್ಟ ಕೋಡನ್ನು ಎಲ್ಲರೂ ನೋಡುತ್ತಾರೆ, ನೋಡಿದವರು ತಪ್ಪು ಹಿಡಿಯುತ್ತಾರೆ ಎಂಬುದು ನಾನು ಪುಸ್ತಕದಲ್ಲಿ ಓದಿದ ಸಿದ್ಧಾಂತ. ನಿಜ ಹೇಳುತ್ತೇನೆ, ಯಾರೂ ನೋಡಲಿಲ್ಲ. ಫಲಿತಾಂಶ ಬಂತೆಂದು ಓಡಿ ಬಂದವರು ಹತ್ತಿರದಿಂದ ಕಣ್ಣಾಡಿಸಿ, ತಮ್ಮ ನಂಬರು ಕಾಣದೆ, ನನ್ನ ಕಡೆ ಕೆಟ್ಟ ನೋಟ ಬೀರಿ ಹೋದರು. ಒಬ್ಬಳು ಗೆಳತಿ ಅದರ ಅಂಚು ಹರಿದು ಅದರಲ್ಲಿ ತನ್ನ ಬಸ್ ಪಾಸ್ ಸುತ್ತಿಟ್ಟುಕೊಂಡಳು. ನೋಡಬಹುದಾದದ್ದಕ್ಕೂ ನೋಡಿದ್ದಕ್ಕೂ ಎಷ್ಟು ಅಂತರ ಎಂದು ಆ ಗೋಡೆಯ ಎದುರು ನಿಂತು ಕಲಿತೆ. ಮುಕ್ತ ತಂತ್ರಾಂಶದ ಬಗ್ಗೆ ಉತ್ಸಾಹದಿಂದ ಮಾತಾಡುವ ಎಳೆಯರನ್ನು ಕಂಡರೆ ನನಗೆ ಈಗಲೂ ಕೇಳಬೇಕೆನಿಸುತ್ತದೆ: ಬಾಗಿಲು ತೆರೆದಿದೆ, ಸರಿ, ಒಳಗೆ ಬಂದು ದೀಪ ಹಚ್ಚಿ ನೋಡಿದವರು ಯಾರು?

ನೋಡಿದವರು ಒಬ್ಬರಿದ್ದರು. ಸಂಸ್ಕೃತದ ಶಾಸ್ತ್ರಿ ಸರ್. ಗೋಡೆಗೆ ಅಂಟಿಸಿದ್ದು ಏನಿದ್ದರೂ ಮೊದಲಿಂದ ಕೊನೆಯವರೆಗೆ ಓದುವುದು ಅವರ ಅಭ್ಯಾಸ. ಹರಾಜಿನ ಸೂಚನೆ, ಕಳೆದ ಕೊಡೆಯ ಪ್ರಕಟಣೆ, ಯಾವುದನ್ನೂ ಬಿಡುತ್ತಿರಲಿಲ್ಲ. ಪ್ರೋಗ್ರಾಮಿನ ಗಂಧ ಅವರಿಗಿರಲಿಲ್ಲ. ಒಂದು ಸಂಜೆ ನನ್ನನ್ನು ಕರೆದು, ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು:

“ಇಲ್ಲಿ ಆಟಗಾರನ ಹೆಸರು ಅಂತ ಇದ್ದು. ಅದರ ಮುಂದೆ ಇಪ್ಪತ್ತು ಅಂತ ಬರದ್ದೆ. ಎಂತ ಅದು?”

“ಹೆಸರಿಗೆ ಅಷ್ಟು ಅಕ್ಷರದ ಜಾಗ ಸರ್.”

“ನನ್ನ ಹೆಸರು ಹಿಡಿಸ್ತನೆ?”

ಅವರ ಪೂರ್ತಿ ಹೆಸರಿನಲ್ಲಿ ಊರು, ಅಜ್ಜ, ಅಪ್ಪ, ಇಬ್ಬರು ದೇವರು ಮತ್ತು ಮನೆತನ ಎಲ್ಲ ಇದ್ದರು. ಹಾಜರಿ ಪುಸ್ತಕದಲ್ಲಿ ಅದು ಎರಡು ಸಾಲಿಗೆ ಇಳಿಯುತ್ತಿತ್ತು. ನಾನು ಆ ಸಾಲನ್ನು ಇನ್ನೊಮ್ಮೆ ಓದಿದೆ. ನಮ್ಮ ಕೇರಿಯಲ್ಲಿ ಹೆಸರುಗಳೆಂದರೆ ಗೌರಿ, ಬಂಗಾರಿ, ಮಂಜ, ಇಷ್ಟೇ. ಅದೇ ಅಳತೆಯಲ್ಲಿ ನಾನು ಜಾಗ ಕೊಟ್ಟಿದ್ದೆ. ಉದ್ದದ ಹೆಸರು ಬಂದರೆ ಅದು ತನ್ನ ಗದ್ದೆ ತುಂಬಿ, ಬದು ಒಡೆದು, ಪಕ್ಕದ ಗದ್ದೆಗೆ ನುಗ್ಗುತ್ತದೆ. ಪಕ್ಕದಲ್ಲಿರುವುದು ಯಂತ್ರದ ಮುಂದಿನ ಕೆಲಸ ಯಾವುದು ಎಂಬ ಆಜ್ಞೆ. ತಿಳಿದ ಕಳ್ಳನಾದರೆ ಬೇಕೆಂದೇ ಉದ್ದದ ಹೆಸರು ಕೊಟ್ಟು, ಅದರ ಬಾಲದಲ್ಲಿ ತನ್ನ ಆಜ್ಞೆಯನ್ನು ಕಟ್ಟಿ ಒಳಗೆ ಕಳಿಸಬಹುದು. ಜಗತ್ತಿನ ದೊಡ್ಡ ದೊಡ್ಡ ತಂತ್ರಾಂಶಗಳೂ ಇದೇ ತಪ್ಪಿನಿಂದ ಮುಗ್ಗರಿಸಿವೆ ಎಂದು ಆಮೇಲೆ ಓದಿ ಸಮಾಧಾನ ಪಟ್ಟುಕೊಂಡೆ. ಆ ಹೊತ್ತಿನಲ್ಲಿ ಮಾತ್ರ ಶಾಸ್ತ್ರಿ ಸರ್ ಕಾಲಿಗೆ ಬಿದ್ದೆ. ಅವರಿಗೆ ಯಾಕೆಂದು ಕೊನೆಗೂ ಅರ್ಥವಾಗಲಿಲ್ಲ. ಆಶೀರ್ವಾದ ಮಾಡಿ, ಪಕ್ಕದ ಹಾಳೆ ಓದಲು ಹೋದರು.

ಬದು ಕಟ್ಟಿದೆ. ಎಷ್ಟು ಉದ್ದದ ಹೆಸರು ಬಂದರೂ ಜಾಗದಷ್ಟೇ ತೆಗೆದುಕೊಂಡು ಉಳಿದದ್ದನ್ನು ಕತ್ತರಿಸುವ ಹಾಗೆ ಮಾಡಿದೆ.

ಬೂರೆಯ ದಿನ ಬಂತು. ಲ್ಯಾಬಿನಲ್ಲಿ ಕಾಲಿಡಲು ಜಾಗವಿಲ್ಲ. ಗೋಡೆಯ ಮೇಲೆ ಯಾರೂ ಓದದ ಕೋಡನ್ನು ಈಗ ಎಲ್ಲರೂ ಕೈಯಲ್ಲಿ ಹಿಡಿದಿದ್ದರು. ತಿನ್ನುವುದು ಸಿಗುತ್ತದೆ ಎಂದರೆ ಓದು ತಾನಾಗಿ ಬರುತ್ತದೆ. ಬಿಳಗಿಯ ಒಬ್ಬ ಹುಡುಗ ಹೆಸರಿನ ಜಾಗದಲ್ಲಿ ತನ್ನೂರಿನ ಎಲ್ಲ ಮನೆಗಳ ಹೆಸರನ್ನೂ ತುಂಬಿ ನೋಡಿದ. ಬದು ನಿಂತಿತು. ಇನ್ನೊಬ್ಬ ನನ್ನ ಪಾಸ್‌ವರ್ಡ್ ‘ಮನ್ಮನೆ’ ಇರಬೇಕೆಂದು ಹಾಕಿದ, ಆಮೇಲೆ ‘ಗೌರತ್ತೆ’ ಎಂದು ಹಾಕಿದ. ಅಲ್ಲ. “ಎಂತ ಇಟ್ಟಿದ್ಯೇ ಮಾರಾಯ್ತಿ, ಹೇಳೆ, ಯಾರಿಗೂ ಹೇಳದಿಲ್ಲ” ಎಂದು ಮೂರನೆಯವನು ಗೋಗರೆದ. ಮಧ್ಯಾಹ್ನವಾಯಿತು. ಊಟ ಬಿಟ್ಟು ಕೂತವರು ಸಪ್ಪೆ ಮುಖ ಮಾಡಿಕೊಂಡು ಎದ್ದರು. ನನ್ನ ಎದೆಯೊಳಗೆ ಗ್ರಂಥಾಲಯ ಮೆಲ್ಲಗೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಸೌತೆಕಾಯಿ ಸರಿಯಾಗಿದೆಯೆ ಎಂದು ನೋಡಲು ನನ್ನ ಹೆಸರಿನಲ್ಲಿ ಒಳಗೆ ಹೋಗಿ, ಕಡತ ತೆರೆದು ನೋಡಿದೆ. ತಿರುಗಿ ಬೀಗ ಹಾಕುವುದು ಬಾಕಿ ಇತ್ತು.

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಹೆಗಡೆಯವರು. ಕಾಲೇಜಿನ ಏರು ಹತ್ತಿ ಬಂದು ಏದುಸಿರು ಬಿಡುತ್ತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಯಾರ ಅಂಗಡಿಯ ಮೂಲೆಯಲ್ಲಿ ನಾನು ಲಿನಕ್ಸ್ ಕಲಿತೆನೋ ಅವರು ನನ್ನ ಪ್ರಾಜೆಕ್ಟ್ ನೋಡಲು ಅಂಗಡಿ ಮುಚ್ಚಿ ಬಂದಿದ್ದಾರೆ!

“ಬನ್ನಿ ಹೆಗಡೇರೆ, ಬನ್ನಿ. ಕೂತ್ಕಳಿ” ಎಂದು ಎದ್ದು ನನ್ನ ಕುರ್ಚಿಯನ್ನೇ ಕೊಟ್ಟೆ. “ಬಿಸಿಲಲ್ಲಿ ಬಂದ್ರಿ. ತಡೀರಿ, ನೀರು ತರ್ತೆ.”

ಮನೆಗೆ ಬಂದವರಿಗೆ ಕೂರಲು ಜಾಗ, ಕುಡಿಯಲು ನೀರು, ಜೊತೆಗೊಂದು ಚೂರು ಬೆಲ್ಲ. ಆಮೇಲೆ ಯಾರು, ಯಾಕೆ ಬಂದಿರಿ ಎಂಬ ಪ್ರಶ್ನೆ. ಇದು ನಮ್ಮಲ್ಲಿ ಯೋಚನೆ ಮಾಡಿ ಮಾಡುವ ಕೆಲಸವಲ್ಲ. ಕಾಲು ತಾನಾಗಿ ಏಳುತ್ತದೆ, ಕೈ ತಾನಾಗಿ ಚೊಂಬು ಹುಡುಕುತ್ತದೆ. ನೀರೇನೋ ಪಕ್ಕದ ಕೋಣೆಯಲ್ಲೇ ಸಿಕ್ಕಿತು. ಬೆಲ್ಲಕ್ಕಾಗಿ ಕ್ಯಾಂಟೀನಿನ ತನಕ ಓಡಿದೆ. ತಿರುಗಿ ಬಂದಾಗ ಹೆಗಡೆಯವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಿದ್ದರು. ಪಕ್ಕದ ಪ್ರಿಂಟರು ಕಿರ್ರ್ ಎಂದು ಹಾಳೆ ಉಗುಳುತ್ತಿತ್ತು. ಚುಕ್ಕೆ, ನಕ್ಷತ್ರಗಳನ್ನು ಜೋಡಿಸಿ ನಾನು ಆ ಕಡತದಲ್ಲಿ ಬಿಡಿಸಿಟ್ಟಿದ್ದ ಸೌತೆಕಾಯಿ ತೊಟ್ಟಿನ ಕಡೆಯಿಂದ ಮೆಲ್ಲಗೆ ಹೊರಗೆ ಬರುತ್ತಿತ್ತು.

ಲ್ಯಾಬಿಗೆ ಲ್ಯಾಬೇ ಕೂಗಿಕೊಂಡಿತು. ಬೆಲ್ಲ ನನ್ನ ಕೈಯಲ್ಲೇ ಕರಗಿತು. ಪದ್ಧತಿಯ ಪ್ರಕಾರ ನಾನು ನಗಬೇಕಿತ್ತು. ನಕ್ಕೆ. ಆದರೆ ಕಣ್ಣಿಗೆ ಪದ್ಧತಿ ಗೊತ್ತಿರಲಿಲ್ಲ.

ಕಾಮತ್ ಸರ್ ಬಂದರು. ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. “ಹಾಗಾದರೆ ಗ್ರಂಥಾಲಯ” ಎಂದರು, ಮೆಲ್ಲಗೆ. ನಾನು ತಲೆಯಾಡಿಸಿದೆ. ಆಗ ನೀರಿನ ಲೋಟ ಕೆಳಗಿಟ್ಟು ಹೆಗಡೆಯವರು ಎದ್ದರು. ಅವರಿಗೆ ಅಷ್ಟು ಹೊತ್ತಿಗೆ ಪೇಟೆಯ ಕನ್ನಡ ಪೂರ್ತಿ ಮರೆತುಹೋಗಿತ್ತು.

“ತಡೀರಿ ಮಾರಾಯ್ರೆ. ಆನು ಇದನ್ನ ಕದ್ದಿದ್ದಲ್ಲ, ಈ ಕೂಸೇ ಕೊಟ್ಟಿದ್ದು! ನಿನ್ನೆಯಿಂದ ಆ ಕೋಡು ಹಿಡ್ಕಂಡು ಕೂತಿದ್ದಿ, ಒಳಗೆ ಹೋಪಲೆ ಒಂದು ಸಂದಿಯೂ ಸಿಕ್ಕಿದ್ದಿಲ್ಲೆ. ಸೋತಿ ಹೇಳಲೇ ಇಲ್ಲಿಗೆ ಬಂದಿದ್ದು. ಬಂದ್ರೆ ಕುರ್ಚಿ ಕೊಟ್ಚು, ಬೀಗ ಹಾಕದ್ದೇ ನೀರು-ಬೆಲ್ಲ ತಪ್ಪಲೆ ಹೋತು. ಎದುರಿಗೆ ಸೌತೆಕಾಯಿ ಇದ್ದು. ಆನು ಎಂತ ಮಾಡವು?”

ಕಾಮತ್ ಸರ್ ಕನ್ನಡಕ ತೆಗೆದರು. ಈ ಸಲ ಒರೆಸಿದ್ದು ಕಣ್ಣನ್ನು. ಅಷ್ಟು ನಕ್ಕಿದ್ದರು. ನಕ್ಕು ಮುಗಿಸಿ ಹೇಳಿದರು: “ಬೇಲಿ ಗಟ್ಟಿ ಇದೆ. ಬೇಲಿಯ ಒಳಗಿನವಳು ಮೆತ್ತಗೆ. ಹಾಗಿದ್ದರೆ ಅದಕ್ಕೂ ಒಂದು ಉಪಾಯ ಬರಿಯಮ್ಮ. ಎದ್ದು ಹೋದ ಕೂಡಲೆ ತಾನಾಗಿ ಬೀಗ ಬೀಳಬೇಕು. ಆಟಕ್ಕೆ ಆಟದಷ್ಟೇ ಅಧಿಕಾರ, ನಿನ್ನ ಕಡತ ಮುಟ್ಟುವ ಹಾಗಿರಬಾರದು. ಇದನ್ನು ಮಾಡಿ, ಯಾಕೆ ಮಾಡಬೇಕಾಯಿತು ಅಂತ ವರದಿಯಲ್ಲಿ ಒಂದು ಅಧ್ಯಾಯ ಬರಿ. ಬೆಲ್ಲದ ವಿಷಯ ಬಿಡಬೇಡ.”

ಬರೆದೆ. ಪ್ರಾಜೆಕ್ಟಿನ ವರದಿಯಲ್ಲಿ ಬೆಲ್ಲ ಪ್ರವೇಶ ಮಾಡಿದ್ದು ಬಹುಶಃ ನಮ್ಮ ಕಾಲೇಜಿನಲ್ಲಿ ಅದೇ ಮೊದಲು. ಭದ್ರತೆಯ ಬಗ್ಗೆ ಆಮೇಲೆ ಎಷ್ಟೋ ಓದಿದ್ದೇನೆ. ಬೀಗಗಳೆಲ್ಲ ಬಹುಮಟ್ಟಿಗೆ ಗಟ್ಟಿಯೇ. ಒಡೆಯುವವರು ಬೀಗ ಒಡೆಯುವುದು ಅಪರೂಪ. ಬಿಸಿಲಿನಲ್ಲಿ ಬಂದವರ ಹಾಗೆ ಬಾಗಿಲಲ್ಲಿ ನಿಲ್ಲುತ್ತಾರೆ, ನಾವು ಎದ್ದು ಕುರ್ಚಿ ಕೊಡುತ್ತೇವೆ. ಹಾಗೆಂದು ಕುರ್ಚಿ ಕೊಡುವುದನ್ನು ಬಿಡಲಾಗುತ್ತದೆಯೆ? ನನ್ನಿಂದಂತೂ ಆಗಲಿಲ್ಲ. ಏಳುವ ಮೊದಲು ಬೀಗದ ಗುಂಡಿ ಒತ್ತುವುದನ್ನು ಮಾತ್ರ ಕಲಿತೆ. ಉಪಚಾರ ಬಿಡದೆ ಹುಷಾರಾಗಿರುವುದು ಎಂದರೆ ಇಷ್ಟೇ ಇರಬೇಕು.

ಪರೀಕ್ಷೆಗೆ ಹೊರಗಿನಿಂದ ಬಂದವರು ಧಾರವಾಡದ ಕಡೆಯ ದೊಡ್ಡ ಮೀಸೆಯ ಮೇಷ್ಟ್ರು. ಬೆಳಗಿನಿಂದ ಗ್ರಂಥಾಲಯಗಳನ್ನು ನೋಡಿ ನೋಡಿ ಅವರ ಕಣ್ಣು ಎಳೆಯುತ್ತಿತ್ತು. ನನ್ನ ಪರದೆಯ ಮೇಲೆ ಹುಲಿ ಕಂಡು ಎಚ್ಚರಾದರು.

“ಏನ್ರೀ ಇದು? ಎಲ್ಲಾರೂ ಪುಸ್ತಕ ಜೋಡ್ಸ್ಯಾರ, ನೀವು ಹುಲಿ ಬಿಟ್ಟೀರಿ? ಲಿನಕ್ಸಿನಾಗ ಆಟ ಓಡ್ತದೇನು? ಬರ್ರಿ, ಕುಂದರ್ರಿ, ಒಂದ್ ಕೈ ಆಡೇ ಬಿಡೂಣು.”

ಹುಲಿ ಅವರದು, ಕುರಿ ನನ್ನದು. ಆಟ ಸರಾಗವಾಗಿ ಓಡಿತು. ಹಿಮದ ಪೆಂಗ್ವಿನ್ನಿನಂತಲ್ಲ, ಕಲ್ಲು ಎತ್ತಿ ಇಟ್ಟಷ್ಟೇ ಚುರುಕು. ಅವರು ಸರಸರನೆ ಕುರಿಗಳನ್ನು ತಿನ್ನುತ್ತಾ ಪ್ರಶ್ನೆ ಕೇಳುತ್ತಾ ಹೋದರು. “ಸೋರ್ಸೆಲ್ಲಾ ಗ್ವಾಡಿಗೆ ಹಚ್ಚಿದ್ರಂತ. ಕಳ್ಳ ಬಂದ್ರ ಏನ್ ಮಾಡ್ತೀರಿ?”

“ಬಂದಿದ್ರು ಸರ್. ನೀರು ಕೊಟ್ಟು ಕಳಿಸಿದೆ. ಐದನೇ ಅಧ್ಯಾಯದಲ್ಲಿದೆ.”

ಅವರು ಐದನೇ ಅಧ್ಯಾಯ ತೆರೆದು, ಒಂದು ಕೈಯಲ್ಲಿ ಹುಲಿ ನಡೆಸುತ್ತಲೇ ಓದತೊಡಗಿದರು. ಮೀಸೆ ಅಲುಗತೊಡಗಿತು. ಓದಿ ತಲೆಯೆತ್ತುವಷ್ಟರಲ್ಲಿ ಅವರ ಹುಲಿಯ ಸುತ್ತ ನನ್ನ ಕುರಿಗಳು ಸಂದಿಲ್ಲದೆ ನಿಂತಿದ್ದವು. “ಅಲೆಲೆ, ಓದಾಕ್ ಹಚ್ಚಿ ಕಟ್ಟಿ ಹಾಕೀರಲ್ಲ!” ಎಂದು ತೊಡೆ ತಟ್ಟಿಕೊಂಡರು. ನಾನು ಅಂಕ ಕೇಳುವ ಧೈರ್ಯ ಮಾಡಲಿಲ್ಲ. ಅವರು ಎರಡನೆಯ ಆಟಕ್ಕೆ ಕಲ್ಲು ಜೋಡಿಸಿದ್ದನ್ನು ಕಂಡು ಹೊರಗೆ ಕಾಯುತ್ತಿದ್ದವರೆಲ್ಲ ಅಂಕ ಊಹಿಸಿಕೊಂಡರು.

ಪದವಿಯ ಪ್ರಮಾಣಪತ್ರ ಬಂದ ದಿನ ಗೌರತ್ತೆ ನನ್ನ ಜೊತೆ ಶಿರಸಿಗೆ ಹೊರಟಳು. ಅವಳು ಅದುವರೆಗೆ ನನ್ನ ಕಾಲೇಜು ನೋಡಿರಲಿಲ್ಲ. ಕಾಮತ್ ಸರ್ ಅದನ್ನು ನನಗೆ ಕೊಡಬೇಕೆಂದು ಕೈ ಚಾಚಿದವರು, ಏನನ್ನಿಸಿತೋ, ಅವಳ ಕೈಗೆ ಕೊಟ್ಟರು. ಅವಳು ಸೆರಗಿಗೆ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದುಕೊಂಡಳು. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ತೋರಿಸಿದ ಜಾಗವನ್ನು ಬೆರಳು ತಾಗಿಸದೆ ಬಹಳ ಹೊತ್ತು ನೋಡಿದಳು.

ಮನೆಗೆ ಮರಳುವ ಬಸ್ಸಿನಲ್ಲಿ ನಾನು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಬೇಕೆಂದು ಹೊರಟರೆ ಅವಳು ಬಿಡಲಿಲ್ಲ. ಪಕ್ಕದ ಸೀಟಿನವಳಿಗೆ ಕೊಟ್ಟಳು. ಪಕ್ಕದವಳು ತನ್ನ ಗಂಡನಿಗೆ, ಗಂಡ ಹಿಂದಿನವನಿಗೆ. “ನಮ್ಮನೆ ಹೆಣ್ಣಿಂದು, ಡಿಗ್ರಿ” ಎಂಬ ಗೌರತ್ತೆಯ ಘೋಷಣೆಯನ್ನು ಹಿಂಬಾಲಿಸಿ ನನ್ನ ಪದವಿ ಸೀಟಿಂದ ಸೀಟಿಗೆ ದಾಟುತ್ತಾ ಹಿಂದಿನ ಬಾಗಿಲ ತನಕ ಹೋಯಿತು. ಕಂಡಕ್ಟರು ಟಿಕೆಟು ಹರಿಯುವುದು ಬಿಟ್ಟು ಅದನ್ನು ದೀಪದ ಕೆಳಗೆ ಹಿಡಿದು ಗಟ್ಟಿಯಾಗಿ ಓದಿದ. ತಿರುವಿನಲ್ಲಿ ಬಸ್ಸು ಓಲಾಡಿದಾಗಲೆಲ್ಲ ನನ್ನ ಜೀವವೂ ಓಲಾಡಿತು.

“ಅತ್ತೆ, ಒಂದೇ ಒಂದು ಪ್ರತಿ ಇರೋದು. ಅಷ್ಟು ಜನರ ಕೈಯಲ್ಲಿ ಕಳೆದುಹೋದರೆ?”

ಗೌರತ್ತೆ ತಿರುಗಿಯೂ ನೋಡಲಿಲ್ಲ. “ಸುಮ್ನೆ ಕೂರೆ ಮಾರಾಯ್ತಿ. ಇಡೀ ಬಸ್ಸು ನೋಡಾಯ್ತು. ಇನ್ನು ಅದು ಎಲ್ಲಿಗೆ ಹೋಗ್ತದೆ?”